ಮೊದಲ ಸೆಮಿಸ್ಟರ್‌ನಲ್ಲೇ ಕಾಲೇಜು ಬಿಡುವ ಮಕ್ಕಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ ನಾನು. ಹಸಲರು (ಮಲೆನಾಡಿನ ಒಂದು ಪರಿಶಿಷ್ಟ ಪಂಗಡ) ಮತ್ತು ಪರಿಶಿಷ್ಟ ಜಾತಿಯ ಕೂಲಿ ಕುಟುಂಬಗಳಿಂದ ಮೊದಲ ಬಾರಿಗೆ ಪದವಿಗೆ ಬಂದ ಮಕ್ಕಳಲ್ಲಿ ಕೆಲವರು ದೀಪಾವಳಿಯ ಹೊತ್ತಿಗೆ ಕಾಣುವುದೇ ಇಲ್ಲ. ಸ್ಕಾಲರ್‌ಶಿಪ್ ಇದೆಯಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಕಾಲೇಜಿನ ಮಟ್ಟದಲ್ಲಿ ಏನು ಮಾಡಬಹುದು?

ಉತ್ತರ: ಸ್ಕಾಲರ್‌ಶಿಪ್ ಇದ್ದರಾಯಿತೇ, ಅದು ಖಾತೆಗೆ ಬೀಳಬೇಕಲ್ಲ. ಕಾಗದಪತ್ರದ ಕೆಲಸವನ್ನು ಹದಿನೆಂಟರ ಮಕ್ಕಳ ತಲೆಗೆ ಬಿಡದೆ ಕಾಲೇಜೇ ಹೊತ್ತುಕೊಳ್ಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣದಲ್ಲಿ ಅರ್ಜಿ ಎಡವುವ ಜಾಗಗಳು ಪ್ರತಿ ವರ್ಷ ಅವೇ. ಆಧಾರ್‌ಗೆ ಜೋಡಿಸಿದ ಮೊಬೈಲು ಅಪ್ಪನದು. ಹುಡುಗಿ ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತಿದ್ದಾಗ ಆ ಫೋನು ಸಿಗ್ನಲ್ ಇಲ್ಲದ ತೋಟದಲ್ಲಿರುತ್ತದೆ. ಗುಡ್ಡ ಹತ್ತಿ ನೋಡುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ದಾಖಲಾತಿಯ ವಾರದಲ್ಲೇ ವಿಚಾರಿಸಿ, ಆಧಾರ್ ಕೇಂದ್ರದಲ್ಲಿ ವಿದ್ಯಾರ್ಥಿಯ ನಂಬರನ್ನೇ ಹಾಕಿಸಿ. ಬೆರಳಚ್ಚು ಕೊಟ್ಟರೆ ಸಾಕು, ಬೇರೆ ದಾಖಲೆ ಬೇಡ. ಆಧಾರ್‌ನಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದುತ್ತದೆಯೇ ಎಂದೂ ಅಂದೇ ನೋಡಿ.

ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಆಯುಸ್ಸು. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಸರಿಯಾಗಿ ಪದವಿಗೆ ಸೇರುವಾಗ ಮುಗಿದಿರುತ್ತದೆ, ಅದರ ಮೇಲಿನ ಹಳೆಯ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಕ್ರಮಸಂಖ್ಯೆ) ಅರ್ಜಿಯಲ್ಲಿ ನಡೆಯುವುದಿಲ್ಲ. ಇನ್ನು ಬ್ಯಾಂಕು. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿದ ಮಾತು ಸಾಲದು. ಹಣ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಆ ಆಧಾರ್‌ಗೆ ಜೋಡಿಸಿದ, ಅಂದರೆ ಮ್ಯಾಪಿಂಗ್ ಇರುವ ಖಾತೆಗೆ, ಮತ್ತು ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಶಾಲೆಯಲ್ಲಿದ್ದಾಗ ತೆರೆದು ಮರೆತ, ಈಗ ನಿಷ್ಕ್ರಿಯವಾದ ಖಾತೆಗೆ ಮ್ಯಾಪಿಂಗ್ ಉಳಿದಿದ್ದರೆ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೈಆಧಾರ್ ತಾಣದ ‘ಬ್ಯಾಂಕ್ ಸೀಡಿಂಗ್’ ಸ್ಥಿತಿಯಲ್ಲಿ ಯಾವ ಬ್ಯಾಂಕಿಗೆ ಮ್ಯಾಪಿಂಗ್ ಇದೆ ಎಂಬುದು ಕಾಣುತ್ತದೆ. ಬ್ಯಾಂಕು ದೂರವಿರುವ ಊರುಗಳಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಒಳ್ಳೆಯದು, ಪೋಸ್ಟ್‌ಮ್ಯಾನ್ ಮನೆಗೇ ಬಂದು ತೆರೆದುಕೊಡುತ್ತಾರೆ.

ಬಸ್ಸಿನ ಕಷ್ಟ ಇದಕ್ಕಿಂತ ಕಡಿಮೆಯದಲ್ಲ. ನಮ್ಮ ಘಟ್ಟದ ಕಡೆಯ ಎಷ್ಟೋ ಊರುಗಳಿಗೆ ಖಾಸಗಿ ಬಸ್ಸೇ ಗತಿ. ಅಲ್ಲಿ ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸೂ ನಡೆಯದು, ಶಕ್ತಿ ಯೋಜನೆಯೂ ನಡೆಯದು. ವಾರಕ್ಕೆ ಆರು ದಿನದ ತರಗತಿಯಲ್ಲಿ ಒಂದು ದಿನ ತಪ್ಪಿದರೆ ಹಾಜರಾತಿ ಶೇ 83, ಎರಡು ದಿನ ತಪ್ಪಿದರೆ ಶೇ 67. ಬೇಕಾದದ್ದು ಶೇ 75. ಜುಲೈ ಮಳೆಯಲ್ಲಿ ಎರಡು ದಿನ ತಪ್ಪುವುದು ಏನೂ ಹೆಚ್ಚಲ್ಲ. ಬಸ್ಸು ಹತ್ತೂಕಾಲಿಗೆ ಬಂದು ಮೊದಲ ಪಿರಿಯಡ್ ಒಂಬತ್ತೂವರೆಗೆ ಇದ್ದರಂತೂ ದಿನವೂ ಅದೇ ವಿಷಯ ಕೈತಪ್ಪುತ್ತದೆ, ಆ ಮಗು ಅದೊಂದರಲ್ಲೇ ಫೇಲಾಗುತ್ತದೆ. ವೇಳಾಪಟ್ಟಿ ಹಾಕುವ ಮುನ್ನ ಬಸ್ಸಿನ ಸಮಯ ಕೇಳಿ. ಆಗದಿದ್ದರೆ ಮೊದಲ ಪಿರಿಯಡ್‌ನ ವಿಷಯವನ್ನಾದರೂ ದಿನಕ್ಕೊಂದು ಬದಲಿಸಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಿಂದ ತಿಂಗಳಿಗಿಷ್ಟು ಎಂದು 10 ತಿಂಗಳು ಸಹಾಯಧನ ಸಿಗುತ್ತದೆ. ಪೇಟೆಯಲ್ಲಿ ರೂಮು ಹಂಚಿಕೊಳ್ಳಲು ಅಷ್ಟಿಷ್ಟು ಆಸರೆ.

ತರಗತಿಯೊಳಗಿನ ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ: ‘ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ’ ಎಂದು ಯಾರೂ ಕರೆಯಕೂಡದು. ಆ ಅವಮಾನಕ್ಕೇ ಅರ್ಜಿ ಹಾಕದೆ ಉಳಿಯುವವರಿದ್ದಾರೆ. ಎಲ್ಲರ ದಾಖಲೆಯನ್ನೂ ಒಂದೇ ದಿನ, ಒಂದೇ ಮೇಜಿನಲ್ಲಿ ಪರಿಶೀಲಿಸಿ. ಯಾರಾದರೂ ಸತತ ಮೂರು ದಿನ ಬಾರದಿದ್ದರೆ ನಾಲ್ಕನೆಯ ದಿನ ಮನೆಗೆ ಫೋನ್ ಹೋಗಲಿ. ಸಿಗ್ನಲ್ ಸಿಗದಿದ್ದರೆ ಅದೇ ಬಸ್ಸಿನಲ್ಲಿ ಬರುವ ಸಹಪಾಠಿಯ ಕೈಯಲ್ಲಿ ಚೀಟಿ ಕಳಿಸಿ.