ಎರಡನೇ ಚುಚ್ಚುಮದ್ದಿಗೆ ಮೊದಲು

ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಗೆ ಒಪ್ಪಿ, ಅದರ ಜೊತೆ ಕೊಡುವ, ಗಂಡು ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದು ಮಾತ್ರ ಬೇಡ ಎನ್ನುವ ಗಂಡಸರು ನನ್ನ ಬಳಿ ಆಪ್ತಸಲಹೆಗೆ ಆಗಾಗ ಬರುತ್ತಾರೆ. ಅಂಥ ಒಬ್ಬರ ಪ್ರಕರಣವಿದು. ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಅರವತ್ತು ದಾಟಿದವರು. ಕ್ಯಾನ್ಸರ್, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಹೊರಗೆ ಹರಡಿರಲಿಲ್ಲ. ಕ್ಯಾನ್ಸರಿನ ಉಗ್ರತೆಯನ್ನು ಅಳೆಯುವ ಗ್ಲೀಸನ್ ಅಂಕ 4+3, ಮಧ್ಯಮ ಅಪಾಯ. ವಿಕಿರಣದ ಜೊತೆ 6 ತಿಂಗಳ ಹಾರ್ಮೋನ್ ಚಿಕಿತ್ಸೆ ನಿಗದಿಯಾಗಿತ್ತು. ಮೂರು ತಿಂಗಳು ಕೆಲಸ ಮಾಡುವ ಮೊದಲ ಚುಚ್ಚುಮದ್ದಿನ ನಂತರ ಮೈ ಬಿಸಿಯೇರಿ ಬೆವರುವುದು, ಸುಸ್ತು, ಕಾರಣವಿಲ್ಲದ ಅಳು. ಲೈಂಗಿಕ ಆಸಕ್ತಿ ಇಂಗಿಹೋಗಿತ್ತು. ಹೆಂಡತಿಗೆ ಏನೂ ಹೇಳದೆ ಬೇರೆ ಕೋಣೆಯಲ್ಲಿ ಮಲಗತೊಡಗಿದ್ದರು.

ಅವರ ಒಪ್ಪಿಗೆ ಪಡೆದು ಪತ್ನಿಯನ್ನೂ ಕರೆಸಿದೆ. ಗಂಡ ತಲೆ ತಗ್ಗಿಸಿ, ತಡವರಿಸುತ್ತ ಎಲ್ಲವನ್ನೂ ಹೇಳಿದರು. ಆಕೆ ಅಳುತ್ತಾರೆಂದು ನಾನು ಎಣಿಸಿದ್ದೆ. ಆಕೆಗೆ ಬಂದದ್ದು ಸಿಟ್ಟು.

“ನನಗೆ ಮುಟ್ಟು ನಿಂತಾಗಲೂ ಇದೇ ಬಿಸಿ, ಇದೇ ಅಳು. ಆಗ ನೀವು ‘ಕಿಟಕಿ ತೆಗೆದುಕೋ’ ಎಂದು ಹೇಳಿ ಮಗ್ಗುಲು ಬದಲಿಸಿದಿರಿ. ಈಗ ನಿಮಗೆ ಬಂದಾಗ ಮನೆಯೇ ಮುಳುಗಿತೇ?”

ಗಂಡ ನಕ್ಕರು. ಆಮೇಲೆ ಮಾತು ಸಲೀಸಾಯಿತು.

ಪತ್ನಿಯನ್ನು ಕರೆಸುವುದು ಖಾಸಗಿತನಕ್ಕೆ ಕೈಹಾಕಿದಂತೆ ಎಂದು ಆಕ್ಷೇಪಿಸುವವರಿದ್ದಾರೆ. ರೋಗಿ ಒಪ್ಪದಿದ್ದರೆ ನಾನು ಕರೆಸುವುದಿಲ್ಲ. ಆದರೆ ನಾಚಿಕೆಯಿಂದ ಔಷಧ ಬಿಡುವವರು ಕ್ಯಾನ್ಸರಿನ ಲೆಕ್ಕವನ್ನೇ ಹಾಕಿರುವುದಿಲ್ಲ. ಚುಚ್ಚುಮದ್ದಿನಿಂದ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನ್ ತಗ್ಗಿದರೆ ವಿಕಿರಣದಿಂದಾದ ಹಾನಿಯನ್ನು ಸರಿಪಡಿಸಿಕೊಳ್ಳಲು ಕ್ಯಾನ್ಸರ್ ಕೋಶಗಳಿಗೆ ಕಷ್ಟವಾಗುತ್ತದೆ. ಅದಕ್ಕೇ ಎರಡನ್ನೂ ಜೊತೆಗೆ ಕೊಡುವುದು. ಕಡಿಮೆ ಅಪಾಯದವರಿಗೆ ಸಾಮಾನ್ಯವಾಗಿ ಹಾರ್ಮೋನ್ ಚಿಕಿತ್ಸೆ ಬೇಕಿಲ್ಲ. ಮಧ್ಯಮ ಅಪಾಯದಲ್ಲಿ ಕೊಡುವುದಾದರೆ 4ರಿಂದ 6 ತಿಂಗಳು, ಹೆಚ್ಚಿನ ಅಪಾಯದಲ್ಲಿ 18 ತಿಂಗಳಿಂದ 3 ವರ್ಷ.

ಮುಂದುವರಿಸಿ ಎಂದಾಗಲಿ ನಿಲ್ಲಿಸಿ ಎಂದಾಗಲಿ ನಾನು ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ಇಬ್ಬರೂ ಕೂಡಿ ವೈದ್ಯರ ಬಳಿ ಹೋಗಿ, ಚುಚ್ಚುಮದ್ದಿನಿಂದ ತಮಗೆಷ್ಟು ಲಾಭ, ಬಿಟ್ಟರೆ ಏನು ನಷ್ಟ, ಬಿಸಿಯೇರುವುದಕ್ಕೆ ಮದ್ದುಂಟೇ, ಮೂಳೆ ಮತ್ತು ಹೃದಯದ ಪರೀಕ್ಷೆ ಬೇಕೇ ಎಂದು ಕೇಳಿ ಎಂದೆ. ಅಳುವಿನ ವಿಷಯವನ್ನು ಮುಚ್ಚಿಡಬೇಡಿ, ಖಿನ್ನತೆಗೂ ಚಿಕಿತ್ಸೆಯಿದೆ ಎಂದೆ. ಔಷಧ ಮುಗಿದ ಮರುದಿನವೇ ಆಸಕ್ತಿ ಮರಳುವುದಿಲ್ಲ, ತಿಂಗಳುಗಳೇ ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಮರಳದೆಯೂ ಇರಬಹುದು ಎಂಬುದನ್ನೂ ತಿಳಿಸಿದೆ.

ಅವರು ಎರಡನೇ ಚುಚ್ಚುಮದ್ದು ತೆಗೆದುಕೊಂಡರು. ಎಲ್ಲವನ್ನೂ ಕೇಳಿ ತಿಳಿದ ಮೇಲೆ ಬೇಡ ಎಂದಿದ್ದರೂ ನನ್ನ ತಕರಾರಿರಲಿಲ್ಲ.