ಮಗನಿಗೆ ಫಿಸಿಕ್ಸ್‌ನಲ್ಲಿ ಡಿ ಬಂದಿದೆ ಅಂತ ಕೇಳಿದ ತಂಗಿಗೆ

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ, ವಿಜ್ಞಾನದಲ್ಲಿ ನೂರಕ್ಕೆ 98 ತೆಗೆದ ಹುಡುಗ. ಜುಲೈನಲ್ಲಿ ಇಂಗ್ಲೆಂಡಿಗೆ ಬಂದಿರಿ, ಸೆಪ್ಟೆಂಬರ್‌ನಲ್ಲಿ ಸಿಕ್ಸ್ತ್ ಫಾರ್ಮ್ (ನಮ್ಮ ಪಿಯುಸಿ ಥರದ ಎರಡು ವರ್ಷ) ಸೇರಿದ. ಮೊದಲ ಫಿಸಿಕ್ಸ್ ಟೆಸ್ಟ್‌ನಲ್ಲೇ ಡಿ ಗ್ರೇಡ್. "ಅಕ್ಕಾ, ಪುಸ್ತಕ ನೋಡಿದರೆ ನಮ್ಮ ಪಿಯುಸಿಗಿಂತ ಸುಲಭ ಇದೆ, ಕ್ಯಾಲ್ಕುಲಸ್ಸೇ ಇಲ್ಲ. ಮತ್ತೆ ಯಾಕೆ ಹೀಗಾಯ್ತು? ಊರಿಂದ ಆನ್‌ಲೈನ್ ಟ್ಯೂಷನ್ ಹಾಕಿಸಲಾ?" ಅಂತ ಕೇಳಿದ್ದೀರಿ.

ಈಗಲೇ ಹಾಕಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನು ಹಾಸನದಲ್ಲಿ ಆರು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು. ಇಲ್ಲಿಗೆ ಬಂದು 17 ವರ್ಷವಾಯಿತು. ಈಗ ಒಂದು ಶಾಲೆಯಲ್ಲಿ ಸೈನ್ಸ್ ಟೆಕ್ನಿಷಿಯನ್. ಪಾಠ ಮಾಡುವುದಿಲ್ಲ, ಪ್ರಾಕ್ಟಿಕಲ್‌ಗೆ ಬೇಕಾದ್ದನ್ನೆಲ್ಲ ಜೋಡಿಸಿ, ಟ್ರಾಲಿಯಲ್ಲಿಟ್ಟು ಕ್ಲಾಸಿಗೆ ತಳ್ಳಿಕೊಂಡು ಹೋಗುವುದು ನನ್ನ ಕೆಲಸ. ನನ್ನ ಮಗಳೂ ಇಲ್ಲೇ ಎ ಲೆವೆಲ್ (ಸಿಕ್ಸ್ತ್ ಫಾರ್ಮ್‌ನಲ್ಲಿ ಓದುವ ಕೋರ್ಸ್) ಫಿಸಿಕ್ಸ್ ಓದಿದಳು. ಹಾಗಾಗಿ ಎರಡೂ ಕಡೆಯ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಕಡೆಯಿಂದ ಹೊಸದಾಗಿ ಬಂದ ಮಕ್ಕಳು ಬಹಳಷ್ಟು ಸಲ ಎಡವುವುದು ಒಂದೇ ಜಾಗದಲ್ಲಿ.

ಹೋದ ವರ್ಷದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನೂ ಆಗಷ್ಟೇ ಇಂಡಿಯಾದಿಂದ ಬಂದಿದ್ದ. ಆವತ್ತು ಕಾನ್‌ಸ್ಟಾಂಟನ್ ಅನ್ನುವ ಮಿಶ್ರಲೋಹದ ತಂತಿಯ ರೆಸಿಸ್ಟಿವಿಟಿ, ಅಂದರೆ ಆ ಲೋಹ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಕಂಡುಹಿಡಿಯುವ ಪ್ರಾಕ್ಟಿಕಲ್. ಹುಡುಗ ಸೂತ್ರ ಬರೆದ, ಸ್ಕ್ರೂ ಗೇಜ್‌ನಲ್ಲಿ ಒಂದು ಸಲ ತಂತಿಯ ದಪ್ಪ ಅಳೆದ, ಲೆಕ್ಕ ಹಾಕಿದ. 4.9 × 10⁻⁷ ಓಮ್ ಮೀಟರ್ ಬಂತು. ಪುಸ್ತಕದಲ್ಲೂ ಅದೇ ಇದೆ. ಉಳಿದವರು ಇನ್ನೂ ತಂತಿ ಬಿಚ್ಚುತ್ತಿದ್ದರು, ಇವನು ನೋಟ್‌ಬುಕ್ ಮುಚ್ಚಿ ಕೂತ. ಟೀಚರ್ ಬಂದು ಕೇಳಿದ್ದು ಇಷ್ಟೇ: "ನಿನ್ನ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು?" ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪುಸ್ತಕದ ಉತ್ತರಕ್ಕೆ ಸರಿ ಇದೆಯಲ್ಲ, ಇನ್ನೇನು ಬೇಕು ಅನ್ನುವ ಮುಖ. ಹಾಸನದಲ್ಲಿ ನಾನು ತಯಾರು ಮಾಡುತ್ತಿದ್ದದ್ದೂ ಇಂಥ ಮಕ್ಕಳನ್ನೇ, ಅದಕ್ಕೇ ನನಗೆ ಆ ಮುಖ ಚೆನ್ನಾಗಿ ಗೊತ್ತು.

ಆಮೇಲೆ ಟೀಚರ್ ಅವನನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಿದರು. ತಂತಿಯ ದಪ್ಪ 0.38 ಮಿಲಿಮೀಟರ್. ಗೇಜ್‌ನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.01 (ಇಲ್ಲಿ ಇದನ್ನು ರೆಸಲ್ಯೂಷನ್ ಅನ್ನುತ್ತಾರೆ, ಮಗನಿಗೆ ಹೇಳಿ). ಅಂದರೆ ದಪ್ಪದಲ್ಲೇ ಶೇಕಡಾ 2.6ರಷ್ಟು ಅನುಮಾನ ಇದೆ. ಅಡ್ಡಕೊಯ್ತದ ವಿಸ್ತೀರ್ಣಕ್ಕೆ ದಪ್ಪದ ವರ್ಗ ಬರುತ್ತದೆ, ಹಾಗಾಗಿ ಅನುಮಾನ ಎರಡರಷ್ಟಾಗಿ ಶೇಕಡಾ 5.3. ಉದ್ದವನ್ನು ಎಷ್ಟೇ ಜೋಪಾನವಾಗಿ ಅಳೆದರೂ ಈ 5.3 ಹೋಗುವುದಿಲ್ಲ. ಹಾಗಾದರೆ ಏನು ಮಾಡಬೇಕು? ಮೊದಲು ಜೀರೋ ಎರರ್ ನೋಡಬೇಕು, ಅಂದರೆ ಏನೂ ಇಡದಾಗ ಗೇಜ್ ಸೊನ್ನೆ ತೋರಿಸುತ್ತದಾ ಅಂತ. ತಂತಿಯ ಉದ್ದಕ್ಕೂ ಐದಾರು ಕಡೆ, ತಿರುಗಿಸಿ ತಿರುಗಿಸಿ ದಪ್ಪ ಅಳೆಯಬೇಕು. ಬೇರೆ ಬೇರೆ ಉದ್ದಕ್ಕೆ ರೆಸಿಸ್ಟೆನ್ಸ್ ತೆಗೆದು ಗ್ರಾಫ್ ಹಾಕಿ, ಅದರ ಇಳಿಜಾರಿನಿಂದ ಉತ್ತರ ತೆಗೆಯಬೇಕು. ಪರೀಕ್ಷೆಯಲ್ಲಿ ಮಾರ್ಕ್ಸ್ ಇರುವುದು ಇದಕ್ಕೆ. 4.9ಕ್ಕೆ ಸಿಗುವುದು ಒಂದೋ ಎರಡೋ ಮಾರ್ಕು.

ಥಿಯರಿಯ ಪ್ರಶ್ನೆಗಳಲ್ಲೂ ಇದೇ ಕಥೆ. ಫೋಟೋಎಲೆಕ್ಟ್ರಿಕ್ ಎಫೆಕ್ಟ್ (ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದು) ತಗೊಳ್ಳಿ. "ಬೆಳಕಿನ ಫ್ರೀಕ್ವೆನ್ಸಿ ಥ್ರೆಶೋಲ್ಡ್‌ಗಿಂತ ಕಡಿಮೆ ಇದ್ದಾಗ, ಬೆಳಕನ್ನು ಎಷ್ಟೇ ಜೋರು ಮಾಡಿದರೂ ಎಲೆಕ್ಟ್ರಾನ್ ಯಾಕೆ ಹೊರಬರುವುದಿಲ್ಲ, ವಿವರಿಸಿ" ಅಂತ ಕೇಳುತ್ತಾರೆ. ನಮ್ಮ ಮಕ್ಕಳು ಐನ್‌ಸ್ಟೈನ್ ಸಮೀಕರಣ ಬರೆದು, ಚಿತ್ರ ಬಿಡಿಸಿ, ಒಂದು ಪುಟ ತುಂಬಿಸುತ್ತಾರೆ. ಬೇಕಾದ್ದು ನಾಲ್ಕು ವಾಕ್ಯ. ಒಂದು ಫೋಟಾನ್ (ಬೆಳಕಿನ ಕಣ) ತನ್ನ ಶಕ್ತಿಯನ್ನು ಒಂದೇ ಎಲೆಕ್ಟ್ರಾನ್‌ಗೆ ಕೊಡುತ್ತದೆ. ಆ ಶಕ್ತಿ ಎಷ್ಟು ಅನ್ನುವುದು ಫ್ರೀಕ್ವೆನ್ಸಿ ಮೇಲೆ ನಿಂತಿದೆ. ಬೆಳಕು ಜೋರಾದರೆ ಸೆಕೆಂಡಿಗೆ ಬರುವ ಫೋಟಾನ್‌ಗಳ ಸಂಖ್ಯೆ ಜಾಸ್ತಿ ಆಗುತ್ತದೆ ಅಷ್ಟೇ. ಒಂದೊಂದರ ಶಕ್ತಿಯೂ ವರ್ಕ್ ಫಂಕ್ಷನ್‌ಗಿಂತ (ಎಲೆಕ್ಟ್ರಾನ್ ಲೋಹದಿಂದ ಹೊರಬರಲು ಬೇಕಾದ ಕನಿಷ್ಠ ಶಕ್ತಿ) ಕಡಿಮೆಯೇ ಇರುವುದರಿಂದ ಯಾವ ಎಲೆಕ್ಟ್ರಾನೂ ಬಿಡಿಸಿಕೊಳ್ಳಲಾರದು. ಈ ಕೊಂಡಿಗಳಲ್ಲಿ ಒಂದು ತಪ್ಪಿದರೂ ಒಂದು ಮಾರ್ಕು ಹೋಯಿತು. ಸಮೀಕರಣ ಗೊತ್ತಿದೆ ಅಂತ ಯಾರೂ ಕನಿಕರದ ಮಾರ್ಕ್ಸ್ ಕೊಡುವುದಿಲ್ಲ. ಸೂತ್ರಗಳ ಪುಸ್ತಕವನ್ನು ಪರೀಕ್ಷೆಯಲ್ಲಿ ಅವರೇ ಕೈಗೆ ಕೊಡುತ್ತಾರೆ ನೋಡಿ. ಬಾಯಿಪಾಠಕ್ಕೆ ಇಲ್ಲಿ ಬೆಲೆ ಕಡಿಮೆ.

ಇನ್ನೊಂದು ಸಣ್ಣ ವಿಷಯ. "ಉತ್ತರ ಸುಮಾರು 3 ಬರುತ್ತದೆ ಎಂದು ತೋರಿಸಿ" ಅನ್ನುವ ಥರದ ಪ್ರಶ್ನೆ ತುಂಬಾ ಬರುತ್ತವೆ. ಅಲ್ಲಿ 3 ಅಂತ ಬರೆದರೆ ಪೂರ್ತಿ ಮಾರ್ಕ್ಸ್ ಇಲ್ಲ. 3.1 ಅಂತ ಒಂದು ಅಂಕಿ ಜಾಸ್ತಿ ಬರೆದು, ತಾನೇ ಲೆಕ್ಕ ಹಾಕಿದ್ದೇನೆ ಅಂತ ಕಾಣಿಸಬೇಕು.

ಹಾಗಾಗಿ ಆ ಡಿ ಬಂದದ್ದಕ್ಕೆ ಹುಡುಗನ ತಲೆಯ ಮೇಲೆ ತಪ್ಪು ಹೊರಿಸಬೇಡಿ. ಊರಿನ ಟ್ಯೂಷನ್‌ನವರು ಇನ್ನೂ ಕಷ್ಟದ ಲೆಕ್ಕ ಮಾಡಿಸುತ್ತಾರೆ, ಡೆರಿವೇಷನ್ ಬರೆಸುತ್ತಾರೆ. ಅವನಿಗೆ ಅದು ಈಗಾಗಲೇ ಬರುತ್ತದೆ. ಬರದೇ ಇರುವುದನ್ನು ಅವರು ಹೇಳಿಕೊಡುವುದಿಲ್ಲ.

ಪರೀಕ್ಷೆ ಹೇಗಿರುತ್ತದೆ ಅಂತಲೂ ಕೇಳಿದ್ದೀರಿ. ಮೊದಲು ಶಾಲೆಯವರು ಯಾವ ಬೋರ್ಡ್ ಅಂತ ತಿಳಿದುಕೊಳ್ಳಿ. ಎಕ್ಯೂಎ, ಒಸಿಆರ್, ಎಡೆಕ್ಸೆಲ್ ಹೀಗೆ ಬೇರೆ ಬೇರೆ ಇವೆ. ಎಕ್ಯೂಎ ಆದರೆ ಎರಡು ವರ್ಷದ ಕೊನೆಗೆ ಎರಡೆರಡು ಗಂಟೆಯ ಮೂರು ಪೇಪರ್. ಮೊದಲ ಎರಡು 85 ಮಾರ್ಕ್ಸ್‌ನವು, ಮೂರನೆಯದು 80. ಮೂರನೆಯದರಲ್ಲಿ 45 ಮಾರ್ಕ್ಸ್ ಪೂರ್ತಿ ಪ್ರಾಕ್ಟಿಕಲ್ ಮತ್ತು ಅಳತೆಯ ಬಗ್ಗೆಯೇ ಇರುತ್ತದೆ, ಉಳಿದ 35 ಆಸ್ಟ್ರೋಫಿಸಿಕ್ಸ್‌ನಂಥ ಒಂದು ಆಯ್ಕೆಯ ವಿಷಯದ್ದು. ನಮ್ಮಲ್ಲಿಯ ಹಾಗೆ ಪ್ರಾಕ್ಟಿಕಲ್ ಪರೀಕ್ಷೆ, ವೈವಾ, ಅದಕ್ಕೆ 30 ಮಾರ್ಕ್ಸ್ ಇಲ್ಲ. ಎರಡು ವರ್ಷದಲ್ಲಿ ಕನಿಷ್ಠ 12 ಪ್ರಯೋಗ ಮಾಡಿ, ಟೀಚರ್ ಒಪ್ಪಿದರೆ ಸರ್ಟಿಫಿಕೇಟ್‌ನಲ್ಲಿ ಬೇರೆಯಾಗಿ ಪಾಸ್ ಅಂತ ಬರುತ್ತದೆ. ಅದು ಗ್ರೇಡಿಗೆ ಸೇರುವುದಿಲ್ಲ. ಅದಕ್ಕೇ ಕೆಲವು ಮಕ್ಕಳು ಪ್ರಾಕ್ಟಿಕಲ್ ದಿನ ಪಕ್ಕದವರ ರೀಡಿಂಗ್ ಬರೆದುಕೊಂಡು ಎದ್ದುಹೋಗುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಅದನ್ನು ನೋಡಿದಾಗ. ಕೈಯಲ್ಲಿ ಮಾಡಿದವರಿಗೆ ಮೂರನೇ ಪೇಪರ್ ತಾನಾಗಿ ಬರುತ್ತದೆ, ನಕಲು ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಕ್ಯಾಲ್ಕುಲಸ್ ಇಲ್ಲ ಅನ್ನುವುದು ನಿಜ. ಆದರೆ ಎಕ್ಯೂಎ ಮಕ್ಕಳಿಗೆ ಎಷ್ಟೋ ಶಾಲೆಗಳಲ್ಲಿ ಮೊದಲ ತಿಂಗಳಲ್ಲೇ ಕ್ವಾರ್ಕ್, ಲೆಪ್ಟಾನ್ ಅನ್ನುವ ಮೂಲಕಣಗಳ ಪಾಠ ಬಂದುಬಿಡುತ್ತದೆ. ನಮ್ಮ ಪಿಯುನಲ್ಲಿ ಅವುಗಳ ಹೆಸರಷ್ಟೇ ಕೇಳಿದ ನೆನಪು. ಸಿಲಬಸ್ ಕಡಿಮೆ ಅಂತ ಹುಡುಗನ ಮುಂದೆ ಹೇಳಲೇಬೇಡಿ.

"ಬೋರ್ಡ್ ಪರೀಕ್ಷೆ ಈಯರ್ 13ರಲ್ಲಿ ತಾನೆ, ಈ ವರ್ಷ ನಿಧಾನ ಹೋದರೂ ನಡೆಯುತ್ತದೆ" ಅಂತ ಬರೆದಿದ್ದೀರಿ (ಸಿಕ್ಸ್ತ್ ಫಾರ್ಮ್‌ನ ಮೊದಲ ವರ್ಷ ಈಯರ್ 12, ಎರಡನೆಯದು ಈಯರ್ 13). ಇದೊಂದು ಮಾತ್ರ ಒಪ್ಪಲಾರೆ. ಫಸ್ಟ್ ಪಿಯುಸಿ ಮಾರ್ಕ್ಸ್ ಯಾರೂ ಕೇಳುವುದಿಲ್ಲ ಅಂತ ನಾವು ಅಂದುಕೊಂಡ ಹಾಗಲ್ಲ ಇದು. ಯೂನಿವರ್ಸಿಟಿಗೆ ಅರ್ಜಿ ಹಾಕುವುದು ಈಯರ್ 13ರ ಮಧ್ಯದಲ್ಲಿ, ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಮೆಡಿಸಿನ್‌ಗೆ ಅಕ್ಟೋಬರ್ ಮಧ್ಯದೊಳಗೇ ಅರ್ಜಿ ಹೋಗಬೇಕು. ಆಗ ಯೂನಿವರ್ಸಿಟಿಯವರ ಕೈಲಿರುವುದು ಪ್ರೆಡಿಕ್ಟೆಡ್ ಗ್ರೇಡ್, ಅಂದರೆ ಇವನಿಗೆ ಇಂಥ ಗ್ರೇಡ್ ಬರಬಹುದು ಅಂತ ಟೀಚರ್ ಬರೆದ ಅಂದಾಜು. ಅದು ಸಾಮಾನ್ಯವಾಗಿ ನಿಂತಿರುವುದು ಈಯರ್ 12ರ ಕೊನೆಯಲ್ಲಿ ಶಾಲೆಯೇ ನಡೆಸುವ ಪರೀಕ್ಷೆಯ ಮೇಲೆ.

ಬಯಾಲಜಿಯನ್ನೂ ಸೇರಿಸಿ ಪಿಸಿಎಂಬಿ ಥರ ನಾಲ್ಕು ತಗೊಳ್ಳಲಿ ಅನ್ನುವ ಆಸೆ ನಿಮ್ಮ ಯಜಮಾನರದ್ದು. ಬೇಡ ಅಂತ ಹೇಳಿ. ಇಲ್ಲಿ ಮೂರು ಸಾಕು. ಅವನಿಗೆ ಎಂಜಿನಿಯರಿಂಗೋ ಫಿಸಿಕ್ಸೋ ಬೇಕಾದರೆ ಮ್ಯಾಥ್ಸ್ ಇರಲೇಬೇಕು. ನಾಲ್ಕನೆಯದು ಬೇಕೇ ಬೇಕು ಅಂದರೆ ಅದು ಫರ್ದರ್ ಮ್ಯಾಥ್ಸ್ (ಮ್ಯಾಥ್ಸ್‌ನ ಮುಂದಿನ ಹಂತದ ವಿಷಯ) ಆಗಿರಲಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸರ್ಕಾರಿ ಸಿಕ್ಸ್ತ್ ಫಾರ್ಮ್‌ನಲ್ಲಿ ಫೀಸ್ ಇಲ್ಲ ಅಂತ ಯೂನಿವರ್ಸಿಟಿಯಲ್ಲೂ ಹಾಗೇ ಅಂದುಕೊಳ್ಳಬೇಡಿ. ಇಲ್ಲಿ ಖಾಯಂ ಆಗಿ ನೆಲೆಸುವ ಹಕ್ಕು ಸಿಕ್ಕಿ, ಮೂರು ವರ್ಷ ಇಲ್ಲೇ ವಾಸ ಇದ್ದವರಿಗೆ ಸ್ಥಳೀಯರ ಫೀಸ್. ಕೆಲಸದ ವೀಸಾದಲ್ಲಿ ಬಂದವರ ಮಕ್ಕಳಿಗೆ ಸಾಮಾನ್ಯವಾಗಿ ಹೊರದೇಶದವರ ಫೀಸ್ ಬೀಳುತ್ತದೆ, ಅದು ಎಷ್ಟೋ ಪಟ್ಟು ಜಾಸ್ತಿ. ಗೊತ್ತಿಲ್ಲದೆ ಕೊನೇ ಗಳಿಗೆಯಲ್ಲಿ ಕಂಗಾಲಾದ ಮನೆಗಳನ್ನು ನೋಡಿದ್ದೇನೆ. ಇವತ್ತೇ ಗಂಡ ಹೆಂಡತಿ ಕೂತು ಲೆಕ್ಕ ಹಾಕಿ.

ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ ಅಂದಿರಲ್ಲ. ಮೇಷ್ಟ್ರ ಎದುರು ಸುಮ್ನೆ ಇರುವುದು ಮರ್ಯಾದೆ ಅಂತ ನಾವೇ ಕಲಿಸಿದ್ದು. ಇಲ್ಲಿ ಸುಮ್ನಿದ್ದರೆ ಅರ್ಥವಾಗಿದೆ ಅಂತ ಟೀಚರ್ ಮುಂದೆ ಹೋಗಿಬಿಡುತ್ತಾರೆ. ತಿದ್ದಿದ ಉತ್ತರಪತ್ರಿಕೆ ತಗೊಂಡು, ಹೋದ ಒಂದೊಂದು ಮಾರ್ಕು ಎಲ್ಲಿ ಹೋಯಿತು ಅಂತ ಟೀಚರ್ ಹತ್ತಿರ ಕೇಳಲಿ. ಹಾಗೆ ಕೇಳುವ ಮಕ್ಕಳು ಅವರಿಗೆ ಇಷ್ಟ. ಬೋರ್ಡ್‌ನ ಹಳೇ ಪೇಪರ್‌ಗಳು, ಯಾವುದಕ್ಕೆ ಎಷ್ಟು ಮಾರ್ಕು ಅಂತ ಹೇಳುವ ಮಾರ್ಕ್ ಸ್ಕೀಮ್ ಎಲ್ಲ ಪುಕ್ಕಟೆ ಸಿಗುತ್ತವೆ. ಕೇಂಬ್ರಿಡ್ಜ್ ಯೂನಿವರ್ಸಿಟಿಯವರ ಐಸಾಕ್ ಅನ್ನುವ ತಾಣವೂ ಪುಕ್ಕಟೆ. ಲೆಕ್ಕ ಸರಿಯಿದ್ದರೂ ಅಂಕಿಗಳನ್ನು ಎಷ್ಟು ಬೇಕೋ ಅಷ್ಟೇ ಬರೆಯದಿದ್ದರೆ ಅದು ಒಪ್ಪುವುದಿಲ್ಲ. ನನ್ನ ಮಗಳು ಅಲ್ಲೇ ಪಳಗಿದ್ದು.

ರಜೆಯಲ್ಲಿ ಒಂದು ದಿನ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಕರೆದುಕೊಂಡು ಹೋಗಿ. ವಿಜ್ಞಾನಿ ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಕಂಡುಹಿಡಿಯಲು ತಂತಿ ಸುತ್ತಿದ ಕಬ್ಬಿಣದ ಬಳೆ ಅಲ್ಲಿದೆ. ತಂತಿಗಳ ನಡುವೆ ಇಟ್ಟ ಹತ್ತಿಬಟ್ಟೆ ಕೂಡ ಕಾಣುತ್ತದೆ. ಹಾಸನದಲ್ಲಿ ಬೋರ್ಡ್ ಮೇಲೆ ಆರು ವರ್ಷ ಬಿಡಿಸಿದ ಚಿತ್ರ ಅದು. ಮೊದಲ ಸಲ ಎದುರಿಗೆ ನೋಡಿದಾಗ ನನ್ನ ಕಣ್ಣು ತುಂಬಿತು.

ಇವತ್ತು ರಾತ್ರಿ ಒಂದು ಕೆಲಸ ಮಾಡಿಸಿ. ಒಂದು ಮೀಟರ್ ದಾರಕ್ಕೆ ಬೀಗ ಕಟ್ಟಿ ತೂಗಿಬಿಡಿ. ಫೋನಿನ ಸ್ಟಾಪ್‌ವಾಚ್‌ನಲ್ಲಿ ಮೊದಲು ಒಂದು ತೂಗಾಟದ ಸಮಯ ತೆಗೆಯಲಿ, ಸುಮಾರು 2 ಸೆಕೆಂಡ್ ಬರುತ್ತದೆ. ಆಮೇಲೆ 20 ತೂಗಾಟದ್ದು, ಸುಮಾರು 40. ಬೆರಳು ಒತ್ತುವಾಗ 0.2 ಸೆಕೆಂಡ್ ಹೆಚ್ಚುಕಡಿಮೆ ಆಗುತ್ತದೆ ಅಂತ ಇಟ್ಟುಕೊಂಡು, ಎರಡರಿಂದಲೂ ಜಿ (ಗುರುತ್ವದ ವೇಗೋತ್ಕರ್ಷ) ಬೆಲೆ ಕಂಡುಹಿಡಿದು, ಯಾವುದನ್ನು ಎಷ್ಟು ನಂಬಬಹುದು ಅಂತ ಬರೆಯಲಿ. ಒಂದರಲ್ಲಿ ಸಮಯದಿಂದಲೇ ಶೇಕಡಾ 20 ಅನುಮಾನ ಬರಬೇಕು, ಇನ್ನೊಂದರಲ್ಲಿ ಶೇಕಡಾ 1. ಯಾಕೆ ಅಂತ ಅವನದೇ ಮಾತಿನಲ್ಲಿ ನಾಲ್ಕು ಸಾಲು ಇರಲಿ, ಬೇಕಾದರೆ ಮೊದಲು ಕನ್ನಡದಲ್ಲೇ. ಆ ಹಾಳೆಯ ಫೋಟೋ ತೆಗೆದು ನನಗೆ ಕಳಿಸಿ. ಭಾನುವಾರ ನೋಡಿ, ಎಲ್ಲೆಲ್ಲಿ ಮಾರ್ಕ್ಸ್ ಸಿಗುತ್ತದೆ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.