ನೋಡ್‌ಮನ್ (ಕೋಡ್ ಬದಲಾದಾಗ ನೋಡ್ ಜೆಎಸ್ ಸರ್ವರನ್ನ ರೀಸ್ಟಾರ್ಟ್ ಮಾಡೋ ಟೂಲ್) ಹಾಕಿದ್ರೂ ಬ್ರೌಸರ್ ರಿಲೋಡ್ ಆಗ್ತಿಲ್ಲ ಅಂದ್ರಲ್ಲ, ಅದಕ್ಕೆ

ಗುರು, ನೋಡ್‌ಮನ್ ಕೆಲಸ ಸರ್ವರ್ ರೀಸ್ಟಾರ್ಟ್ ಮಾಡೋದು ಅಷ್ಟೇ, ಬ್ರೌಸರಿಗೆ ಅದರ ಸುದ್ದೀನೇ ಹೋಗಲ್ಲ, ಅದಕ್ಕೇ ನೀವು ಪ್ರತಿ ಸಲ ಎಫ್೫ ಒತ್ತಬೇಕಾಗಿರೋದು. ಎಕ್ಸ್‌ಪ್ರೆಸ್‌ನಲ್ಲಿ (ನೋಡ್‌ನ ವೆಬ್ ಸರ್ವರ್ ಲೈಬ್ರರಿ) ಒಂದು ರೂಟ್, ಅಂದ್ರೆ ಒಂದು ವಿಳಾಸ ಮಾಡಿ, ಕಂಟೆಂಟ್ ಟೈಪ್ ಟೆಕ್ಸ್ಟ್/ಇವೆಂಟ್-ಸ್ಟ್ರೀಮ್ ಅಂತ ಕೊಟ್ಟು ಹೆಡರ್ ತಕ್ಷಣ ಕಳಿಸಿ, ಕನೆಕ್ಷನ್ ಮುಚ್ಚದೆ ಹಾಗೇ ಬಿಡಿ. ಪೇಜಲ್ಲಿ ಇವೆಂಟ್‌ಸೋರ್ಸ್‌ನಿಂದ (ಸರ್ವರ್ ಕಳಿಸೋದನ್ನ ಕೇಳೋಕೆ ಬ್ರೌಸರಲ್ಲೇ ಇರೋ ಸೌಲಭ್ಯ) ಅದಕ್ಕೆ ಕನೆಕ್ಟ್ ಆಗಿ. ನೋಡ್‌ಮನ್ ರೀಸ್ಟಾರ್ಟ್ ಮಾಡುವಾಗ ಸರ್ವರ್ ಸತ್ತ ಕೂಡ್ಲೇ ಕನೆಕ್ಷನ್ ಕಟ್ ಆಗುತ್ತೆ, ಆಮೇಲೆ ಬ್ರೌಸರ್ ತಾನಾಗೇ ಮತ್ತೆ ಕನೆಕ್ಟ್ ಆಗೋಕೆ ನೋಡುತ್ತೆ, ನೀವು ಬರೀಬೇಕಾದ್ದು ಇಷ್ಟೇ: ಓಪನ್ ಇವೆಂಟ್ (ಕನೆಕ್ಟ್ ಆದಾಗ ಬರೋ ಸೂಚನೆ) ಎರಡನೇ ಸಲ ಬಂದ್ರೆ ಪೇಜ್ ರಿಲೋಡ್ ಮಾಡು. ವೆಬ್‌ಸಾಕೆಟ್ಟೂ ಬೇಡ, ಇನ್ನೊಂದು ಪ್ಯಾಕೇಜೂ ಬೇಡ.

ಎಚ್‌ಟಿಎಂಎಲ್, ಸಿಎಸ್‌ಎಸ್ ಬದಲಾಯಿಸಿದ್ರೆ ಏನೂ ಆಗಲ್ಲ ಅಂದ್ರಲ್ಲ, ನೋಡ್‌ಮನ್ ಅವನ್ನ ತಾನಾಗಿ ಗಮನಿಸಲ್ಲ, ಮೈನಸ್ ಇ (-e) ಆಪ್ಷನ್ನಲ್ಲಿ ಎರಡರ ಹೆಸರೂ ಸೇರಿಸಿ (ಜೆಎಸ್ ಬಿಡಬೇಡಿ, ಬಿಟ್ರೆ ಅದನ್ನ ನೋಡೋದು ನಿಲ್ಲಿಸಿಬಿಡುತ್ತೆ).

ಇನ್ನೊಂದು, ಎಚ್‌ಟಿಟಿಪಿ 1.1ನಲ್ಲಿ ಬ್ರೌಸರ್‌ಗಳು ಒಂದು ಸೈಟಿಗೆ ಸಾಮಾನ್ಯವಾಗಿ 6 ಕನೆಕ್ಷನ್ನೇ ತೆಗೆಯೋದು, ಇಲ್ಲಿ ಪ್ರತಿ ಟ್ಯಾಬೂ ಒಂದನ್ನ ಹಿಡ್ಕೊಂಡಿರುತ್ತೆ. ನಾನು ಏಳು ಟ್ಯಾಬ್ ತೆಗೆದಿಟ್ಕೊಂಡು ಪೇಜ್ ಯಾಕೆ ಲೋಡ್ ಆಗ್ತಿಲ್ಲ ಅಂತ ಅರ್ಧ ದಿನ ತಲೆ ಕೆಡಿಸ್ಕೊಂಡಿದ್ದೆ. ಮತ್ತೆ ಇದನ್ನ ಪ್ರೊಡಕ್ಷನ್‌ಗೆ (ಜನ ಬಳಸೋ ಸೈಟಿಗೆ) ಮಾತ್ರ ಹಾಕ್ಬೇಡಿ ಮಾರಾಯ್ರೆ.